ಇಂಧನಕೋಶಗಳ ಅಟ್ಟಿಯೂ ಸ್ವದೇಶಿಯ ಲೆಕ್ಕವೂ

2023ನೆಯ ಇಸವಿಯ ಜನವರಿ 4ನೆಯ ತಾರೀಖಿನಂದು ಭಾರತ ಸರಕಾರದ ಮಂತ್ರಿಮಂಡಲವು ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಮಂಜೂರಾತಿಯನ್ನಿತ್ತು, ಅದರ ವೆಚ್ಚಕ್ಕೆಂದು 19,744 ಕೋಟಿ ರೂಪಾಯಿಗಳನ್ನು ಗೊತ್ತುಪಡಿಸಿತು. 2030ನೆಯ ಇಸವಿಯೊಳಗಾಗಿ ವರ್ಷವೊಂದಕ್ಕೆ 50 ಲಕ್ಷ ಟನ್ನು ಜಲಜನಕವನ್ನು ದೇಶದಲ್ಲಿಯೇ ಉತ್ಪಾದಿಸುವ ಶಕ್ತಿಯನ್ನು ಪಡೆಯಬೇಕೆಂಬುದು ಈ ಯೋಜನೆಯ ಗುರಿ. ಅಂದಿನಿಂದ ಜಲಜನಕ, ಅಂದರೆ ಹೈಡ್ರೊಜನ್ನು, ಸಭೆಗಳಲ್ಲಿಯೂ ಭಾಷಣಗಳಲ್ಲಿಯೂ ಮೇಲಿಂದ ಮೇಲೆ ಕೇಳಿಬರುವ ಮಾತಾಗಿದೆ. ಅದು ಸಂತೋಷದ ಸಂಗತಿಯೇ ಸರಿ. ಆದರೆ ಆ ಜಲಜನಕವನ್ನು ವಿದ್ಯುತ್ತನ್ನಾಗಿ ಮಾರ್ಪಡಿಸುವ ಯಂತ್ರವು ಹೇಗೆ ಕಟ್ಟಲ್ಪಡುತ್ತದೆ, ಅದರೊಳಗಿನ ಪದರಗಳಲ್ಲಿ ನಮ್ಮವು ಎಷ್ಟು, ಪರರವು ಎಷ್ಟು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಪ್ರಶ್ನೆಯು ಕೇವಲ ಇಂಜಿನಿಯರುಗಳಿಗೆ ಸೇರಿದ್ದಲ್ಲ. ಸಾರ್ವಜನಿಕರ ಹಣವು ವೆಚ್ಚವಾಗುವ ಕಡೆಯಲ್ಲಿ ವಿಚಾರವಂತರಾದ ನಾಗರಿಕರೂ ಅಧಿಕಾರಿಗಳೂ ವಸ್ತುವಿನ ಒಳಗನ್ನು ಅರಿತಿರಬೇಕಾದದ್ದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಇಂಧನಕೋಶವನ್ನು ಉರಿಯಿಲ್ಲದ ಒಲೆ ಎನ್ನಬಹುದು. ಜಲಜನಕವನ್ನು ವಾಯುವಿನಲ್ಲಿ ಉರಿಸಿದರೆ ಅದು ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಹೊರಟ ಶಕ್ತಿಯೆಲ್ಲವೂ ಶಾಖವಾಗಿಬಿಡುವುದು. ಕೋಶದಲ್ಲಿ ನಡೆಯುವುದೂ ಅದೇ ಸಂಯೋಗವೇ. ಆದರೆ ಅಲ್ಲಿ ಜ್ವಾಲೆಯಿಲ್ಲ. ಈಗ ವಾಹನಗಳಲ್ಲಿ ಬಳಕೆಗೆ ಬಂದಿರುವ ಜಾತಿಯ ಕೋಶದ ನಡುವೆ ಕೂದಲೆಳೆಗಿಂತಲೂ ತೆಳುವಾದ ಒಂದು ಪೊರೆಯುಂಟು. ಅದರ ಎರಡು ಮೈಗಳಿಗೂ ಪ್ಲಾಟಿನಮ್ ಲೋಹದ ಅತಿ ಸೂಕ್ಷ್ಮ ಕಣಗಳನ್ನು ಇಂಗಾಲದ ಪುಡಿಯೊಡನೆ ಲೇಪಿಸಿರುತ್ತಾರೆ. ಲೇಪದ ಹೊರಗಡೆ, ಅನಿಲವು ಸಮನಾಗಿ ಹರಡಿ ಒಳಸೇರಲೆಂದು, ಇಂಗಾಲದ ನಾರಿನ ಕಾಗದವಿರುತ್ತದೆ. ಒಂದು ಪಕ್ಕದಲ್ಲಿ ಜಲಜನಕವೂ ಮತ್ತೊಂದು ಪಕ್ಕದಲ್ಲಿ ವಾಯುವೂ ಹರಿಯುತ್ತವೆ. ಪ್ಲಾಟಿನಮ್ಮಿನ ಸನ್ನಿಧಿಯಲ್ಲಿ ಜಲಜನಕದ ಪರಮಾಣುವು ಎರಡಾಗಿ ಒಡೆಯುವುದು. ಅದರ ಪ್ರೋಟಾನು ಪೊರೆಯನ್ನು ಹಾಯ್ದು ಆಚೆಗೆ ಹೋಗುವುದು. ಎಲೆಕ್ಟ್ರಾನಿಗೆ ಪೊರೆಯಲ್ಲಿ ದಾರಿಯಿಲ್ಲವಾದುದರಿಂದ ಅದು ಹೊರಗಿನ ತಂತಿಯನ್ನು ಸುತ್ತಿಕೊಂಡು ಬರಬೇಕಾಗುವುದು. ಆ ಸುತ್ತುದಾರಿಯ ಪ್ರಯಾಣವೇ ನಮಗೆ ದೊರೆಯುವ ವಿದ್ಯುತ್ಪ್ರವಾಹ. ಆಚೆಯ ಪಕ್ಕದಲ್ಲಿ ಎಲ್ಲವೂ ಪುನಃ ಕೂಡಿ ನೀರಾಗುತ್ತದೆ. ಹೊಗೆಯಿಲ್ಲ, ಬೂದಿಯಿಲ್ಲ, ಉಳಿಯುವುದು ನೀರು ಮತ್ತು ಒಂದಿಷ್ಟು ಶಾಖ ಮಾತ್ರ.

ಇಷ್ಟನ್ನು ಕೇಳಿದವರಿಗೆ ಯಂತ್ರವು ಬಹು ಸರಳವೆಂದು ತೋರುವುದು ಸಹಜ. ತೊಡಕು ಮುಂದಿನ ಹೆಜ್ಜೆಯಲ್ಲಿದೆ. ಇಂತಹ ಒಂದು ಕೋಶವು ಶಾಸ್ತ್ರದ ಪ್ರಕಾರ ಕೊಡಬಹುದಾದ ಒತ್ತಡವು 1.23 ವೋಲ್ಟು, ಕೆಲಸದಲ್ಲಿ ತೊಡಗಿಸಿದಾಗ ದೊರೆಯುವುದು ಸುಮಾರು 0.6ರಿಂದ 0.7 ವೋಲ್ಟು ಮಾತ್ರ. ಕೈದೀಪಕ್ಕೆ ಹಾಕುವ ಸಾಮಾನ್ಯ ಸೆಲ್ಲು ಸಹ 1.5 ವೋಲ್ಟು ಕೊಡುವುದೆಂಬುದನ್ನು ಇಲ್ಲಿ ನೆನೆಯಬೇಕು. ಕೋಶವನ್ನು ಚಾಪೆಯಷ್ಟು ಅಗಲ ಮಾಡಿದರೂ ಹೆಚ್ಚುವುದು ಪ್ರವಾಹವೇ ಹೊರತು ಒತ್ತಡವಲ್ಲ. 200 ಚದರ ಸೆಂಟಿಮೀಟರ್ ವಿಸ್ತಾರದ ಕೋಶವೊಂದರಿಂದ ಚದರ ಸೆಂಟಿಮೀಟರಿಗೆ ಒಂದು ಆಂಪಿಯರಿನಂತೆ 200 ಆಂಪಿಯರು ಪಡೆದೆವೆನ್ನೋಣ. 0.65 ವೋಲ್ಟಿನಲ್ಲಿ ಅದು ಕೊಡುವ ಶಕ್ತಿ 130 ವಾಟು. ಮನೆಯ ಎರಡು ಫ್ಯಾನುಗಳಿಗೆ ಸಾಕಾಗುವಷ್ಟು. ಅದೂ ಫ್ಯಾನು ಉಪಯೋಗಿಸಲಾರದಷ್ಟು ಕಡಮೆ ಒತ್ತಡದಲ್ಲಿ! ಅಂತಹ ನೂರು ಕೋಶಗಳನ್ನು ಒಂದರ ಬೆನ್ನಿಗೊಂದನ್ನಿಟ್ಟು ಸರಣಿಯಾಗಿ ಜೋಡಿಸಿದರೆ ಆಗ 65 ವೋಲ್ಟು ಒತ್ತಡವೂ 13 ಕಿಲೋವಾಟು ಶಕ್ತಿಯೂ ಕೈಗೆ ಬರುತ್ತವೆ. ಹೀಗೆ ಜೋಡಿಸಿದ ರಾಶಿಯನ್ನೇ ತಜ್ಞರು ಸ್ಟ್ಯಾಕು ಎಂದು ಕರೆಯುವರು. ನಾವು ಅಟ್ಟಿ ಎನ್ನೋಣ. ಜಗತ್ತಿಗೆ ಬೇಕಾಗಿರುವುದು ಕೋಶವಲ್ಲ, ಅಟ್ಟಿ.

ಅಟ್ಟಿಯನ್ನು ಕಟ್ಟುವ ಕ್ರಮವು ಗಮನಿಸತಕ್ಕದ್ದಾಗಿದೆ. ಕೋಶ ಕೋಶಗಳ ನಡುವೆ ತಂತಿ ಎಳೆಯುವ ಪದ್ಧತಿಯಿಲ್ಲ. ಎರಡು ಕೋಶಗಳ ನಡುವೆ ಗ್ರಾಫೈಟಿನ ಅಥವಾ ಲೇಪವಿತ್ತ ಲೋಹದ ಒಂದು ತಗಡನ್ನಿಡುವರು. ಇದರ ಒಂದು ಮೈಯಲ್ಲಿ ಜಲಜನಕಕ್ಕೂ ಮತ್ತೊಂದು ಮೈಯಲ್ಲಿ ವಾಯುವಿಗೂ ಸಣ್ಣ ಸಣ್ಣ ಕಾಲುವೆಗಳನ್ನು ಕೊರೆದಿರುತ್ತದೆ. ಎಷ್ಟೋ ವೇಳೆ ತಗಡಿನ ಗರ್ಭದಲ್ಲಿ ತಂಪಿಡುವ ನೀರಿಗೂ ದಾರಿಯಿರುವುದು. ಒಂದೇ ತಗಡು ಈಚೆಯ ಕೋಶಕ್ಕೆ ಒಂದು ಧ್ರುವವಾಗಿಯೂ ಆಚೆಯ ಕೋಶಕ್ಕೆ ಮತ್ತೊಂದು ಧ್ರುವವಾಗಿಯೂ ನಿಲ್ಲುವುದರಿಂದ ಅದನ್ನು ದ್ವಿಧ್ರುವ ಫಲಕವೆಂದು ಕರೆಯುತ್ತಾರೆ. ಫಲಕ, ಇಂಗಾಲದ ಕಾಗದ, ಲೇಪವಿರುವ ಪೊರೆ, ಪುನಃ ಕಾಗದ, ಪುನಃ ಫಲಕ, ಅಂಚಿನ ಸುತ್ತಲೂ ಅನಿಲ ಸೋರದಂತೆ ರಬ್ಬರಿನ ವಾಷರು, ಈ ಕ್ರಮದಲ್ಲಿ ನೂರಾರು ಪದರಗಳು ಏರುತ್ತವೆ. ಎರಡು ತುದಿಗಳಲ್ಲಿಯೂ ದಪ್ಪನಾದ ಹಲಗೆಗಳನ್ನಿಟ್ಟು, ಉದ್ದನೆಯ ಬೋಲ್ಟುಗಳಿಂದಲೋ ಪಟ್ಟಿಗಳಿಂದಲೋ ಬಿಗಿಯುತ್ತಾರೆ. ವಿದ್ಯುತ್ತು ಮೊದಲನೆಯ ಕೋಶದಿಂದ ಕೊನೆಯದಕ್ಕೆ ಒಂದಾದ ಮೇಲೊಂದರಂತೆ ಹಾಯ್ದು ಹೋಗಬೇಕು. ಅನಿಲವಾದರೋ ಊರಿನ ನಲ್ಲಿಯ ನೀರಿನಂತೆ ಎಲ್ಲ ಕೋಶಗಳಿಗೂ ಏಕಕಾಲದಲ್ಲಿ ಸಮನಾಗಿ ಹಂಚಿಹೋಗಬೇಕು. ಈ ಎರಡು ಹರಿವುಗಳೂ ಒಂದೇ ಅಟ್ಟಿಯಲ್ಲಿ ಒಂದನ್ನೊಂದು ಕೆಡಿಸದೆ ನಡೆಯಬೇಕಾಗಿರುವುದರಿಂದಲೇ ಈ ಕೆಲಸವು ಕಷ್ಟವಾಗಿದೆ.

ಚರಿತ್ರೆಯೂ ಈ ಮಾತಿಗೆ ಸಾಕ್ಷಿಯಾಗಿದೆ. ಬ್ರಿಟನ್ನಿನ ವಿಲಿಯಮ್ ಗ್ರೋವ್ ಎಂಬವರು 1839ರಲ್ಲಿಯೇ ಈ ತತ್ತ್ವವನ್ನು ಪ್ರಯೋಗದಿಂದ ತೋರಿಸಿದರು. 1842ರಲ್ಲಿ ಹಲವು ಕೋಶಗಳನ್ನು ಸರಣಿಯಾಗಿ ಜೋಡಿಸಿದ ಅನಿಲ ಬ್ಯಾಟರಿಯ ವರ್ಣನೆಯನ್ನೂ ಪ್ರಕಟಿಸಿದರು. ಒಂದೇ ಕೋಶದಿಂದ ಕಾರ್ಯಸಿದ್ಧಿಯಿಲ್ಲವೆಂಬುದು ಆ ದಿನವೇ ಗೊತ್ತಾಗಿತ್ತು. ಆದರೂ ಕೆಲಸಕ್ಕೆ ಬರುವ ಅಟ್ಟಿಯನ್ನು ಲೋಕವು ನೋಡಬೇಕಾದರೆ ಒಂದು ಶತಮಾನಕ್ಕಿಂತಲೂ ಹೆಚ್ಚು ಕಾಲ ಹಿಡಿಯಿತು. ಇಂಗ್ಲೆಂಡಿನ ಫ್ರಾನ್ಸಿಸ್ ಥಾಮಸ್ ಬೇಕನ್ ಎಂಬ ಇಂಜಿನಿಯರು 1930ರ ದಶಕದಿಂದ ಇದೇ ಕೆಲಸಕ್ಕೆ ತಮ್ಮನ್ನು ತೆತ್ತುಕೊಂಡು, 1959ರಲ್ಲಿ 5 ಕಿಲೋವಾಟಿನ ಅಟ್ಟಿಯೊಂದನ್ನು ನಡೆಸಿ ತೋರಿಸಿದರು. ಅದೇ ವರ್ಷ ಅಮೆರಿಕದ ಆಲಿಸ್-ಚಾಮರ್ಸ್ ಕಂಪೆನಿಯವರು 1,008 ಕೋಶಗಳನ್ನು ಕೂಡಿಸಿ, ಸುಮಾರು 15 ಕಿಲೋವಾಟಿನ ಬಲದಿಂದ ಟ್ರಾಕ್ಟರೊಂದನ್ನು ಓಡಿಸಿದರು. ಬೇಕನ್ನರ ಮಾರ್ಗವನ್ನನುಸರಿಸಿ ನಿರ್ಮಿತವಾದ, ತಲಾ 31 ಕೋಶಗಳ ಮೂರು ಅಟ್ಟಿಗಳು ಅಪೋಲೋ ನೌಕೆಗಳಲ್ಲಿ ಚಂದ್ರಯಾತ್ರಿಗಳಿಗೆ ವಿದ್ಯುತ್ತನ್ನೂ ಕುಡಿಯುವ ನೀರನ್ನೂ ಒದಗಿಸಿದವು. ನೂರಿಪ್ಪತ್ತು ವರ್ಷಗಳ ಕಾಲ ತಡೆಯೊಡ್ಡಿದ್ದು ತತ್ತ್ವದ ಅಜ್ಞಾನವಲ್ಲ. ಸವೆಯದ ವಿದ್ಯುದ್ವಾರ, ಸೋರದ ಸಂದು, ತುಕ್ಕು ಹಿಡಿಯದ ಫಲಕ ಇವುಗಳ ಅಭಾವ. ಹೀಗೆ ತತ್ತ್ವವು ಪುಸ್ತಕದಲ್ಲಿದ್ದೂ ಯಂತ್ರವು ಹುಟ್ಟದೆ ಉಳಿಯಬಹುದೆಂಬುದು ನಮ್ಮಂತಹ ದೇಶವು ಮುಖ್ಯವಾಗಿ ಕಲಿಯತಕ್ಕ ಪಾಠ.

ಜೋಡಣೆಯೆಂದರೆ ಕೀಳು ಕೆಲಸ, ನಟ್ಟು ಬೋಲ್ಟುಗಳನ್ನು ತಿರುಪುವವರ ಕೆಲಸ ಎಂಬ ತಾತ್ಸಾರವು ನಮ್ಮ ವಿದ್ಯಾವಂತರಲ್ಲಿ ಬಹು ಕಾಲದಿಂದ ಬೇರೂರಿದೆ. ಇಂಧನಕೋಶದ ಅಟ್ಟಿಯು ಈ ತಾತ್ಸಾರಕ್ಕೆ ತಕ್ಕ ಉತ್ತರವನ್ನು ಕೊಡುತ್ತದೆ. ಪದರಗಳನ್ನು ಒತ್ತಿ ಹಿಡಿಯುವ ಬಿಗಿಯು ಚದರ ಸೆಂಟಿಮೀಟರಿಗೆ ಸುಮಾರು 10 ಕಿಲೋಗ್ರಾಮಿನಷ್ಟು ಇರಬೇಕೆಂದರೆ, 300 ಚದರ ಸೆಂಟಿಮೀಟರಿನ ಫಲಕದ ಮೇಲೆ ಬೀಳುವ ಭಾರವು 3 ಟನ್ನು. ಬಿಗಿಯು ಕಡಮೆಯಾದರೆ ಫಲಕವೂ ಕಾಗದವೂ ಸರಿಯಾಗಿ ತಗಲದೆ ವಿದ್ಯುತ್ತು ಶಾಖವಾಗಿ ಹಾಳಾಗುವುದು, ಅನಿಲವು ಸೋರುವುದು. ಹೆಚ್ಚಾದರೆ ಇಂಗಾಲದ ಕಾಗದವು ಜಜ್ಜಿಹೋಗಿ ಅದರ ರಂಧ್ರಗಳು ಮುಚ್ಚುವುವು, ನಾರಿನ ತುದಿಗಳು ಪೊರೆಯನ್ನು ಚುಚ್ಚುವುವು. ಒಂದು ಮೂಲೆ ಬಿಗಿಯಾಗಿ ಮತ್ತೊಂದು ಸಡಿಲವಾದರೂ ಕೆಡುಕೇ. ಪ್ರತಿಯೊಂದು ಕೋಶದ ದಪ್ಪದಲ್ಲಿ ಮಿಲಿಮೀಟರಿನ ನೂರರಲ್ಲೆರಡು ಪಾಲು ಹೆಚ್ಚಾದರೆ, 300 ಕೋಶಗಳ ಅಟ್ಟಿಯು 6 ಮಿಲಿಮೀಟರು ಎತ್ತರವಾಗಿಬಿಡುವುದು; ಅಳತೆಗೆ ಮಾಡಿದ ಬೋಲ್ಟು ಆಗ ಅಳತೆಗೆ ಬಾರದು.

ಇದಕ್ಕಿಂತಲೂ ದೊಡ್ಡದಾದ ನಿಯಮವೊಂದಿದೆ. ಸರಣಿಯಲ್ಲಿ ನಿಂತ ಕೋಶಗಳೆಲ್ಲವುಗಳ ಮೂಲಕವೂ ಒಂದೇ ಪ್ರವಾಹವು ಹರಿಯಬೇಕಾಗಿರುವುದರಿಂದ, ಅಟ್ಟಿಯ ಯೋಗ್ಯತೆಯನ್ನು ಗೊತ್ತುಮಾಡುವುದು ಅದರ ಅತ್ಯಂತ ದುರ್ಬಲವಾದ ಕೋಶ. ಒಂದು ಕೋಶದ ಕಾಲುವೆಯಲ್ಲಿ ನೀರಿನ ಹನಿಯೊಂದು ಸಿಕ್ಕಿಕೊಂಡು ಜಲಜನಕಕ್ಕೆ ದಾರಿಯಿಲ್ಲದಾಯಿತೆನ್ನೋಣ. ಉಳಿದ ಕೋಶಗಳು ಪ್ರವಾಹವನ್ನು ನೂಕುತ್ತಲೇ ಇರುವುವು. ಉಪವಾಸಬಿದ್ದ ಆ ಕೋಶವು ವಿದ್ಯುತ್ತನ್ನು ಕೊಡುವುದರ ಬದಲು ಕಬಳಿಸತೊಡಗುವುದು, ಅದರ ಧ್ರುವಗಳು ತಿರುವುಮುರುವಾಗುವುವು. ಆಗ ಇಂಧನಕ್ಕೆ ಬದಲಾಗಿ ಸವೆಯುವುದು ವಿದ್ಯುದ್ವಾರದ ಇಂಗಾಲವೇ. ಕೆಲವೇ ಕ್ಷಣಗಳಲ್ಲಿ ಕೋಶಕ್ಕೆ ತಿದ್ದಲಾಗದ ಹಾನಿಯುಂಟಾಗಬಹುದು. ಆದುದರಿಂದಲೇ ನಂಬುಗೆಯ ಕಾರ್ಖಾನೆಗಳಲ್ಲಿ ಅಟ್ಟಿಯನ್ನು ಕಟ್ಟಿದೊಡನೆ ಸೋರುವಿಕೆಯನ್ನು ಪರೀಕ್ಷಿಸುವರು. ಬಳಿಕ ಕೋಶಗಳಿಗೆ ಅಳತೆಯ ತಂತಿಗಳನ್ನು ತೊಡಿಸಿ, ಒಂದೊಂದರ ಒತ್ತಡವನ್ನೂ ಬೇರೆಬೇರೆಯಾಗಿ ನೋಡುವರು.

ಈ ನಿಯಮವನ್ನು ಲೆಕ್ಕದಲ್ಲಿಟ್ಟು ನೋಡಿದರೆ ನಮ್ಮ ಕಣ್ಣು ತೆರೆಯುವುದು. ನಮ್ಮಲ್ಲಿ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಅಂಕ ಬಂದವನನ್ನು ಮೆರವಣಿಗೆ ಮಾಡುವೆವು. ಕಾರ್ಖಾನೆಯೊಂದು ತಯಾರಿಸುವ ಕೋಶಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ನಿರ್ದೋಷವಾಗಿವೆ ಎಂದಿಟ್ಟುಕೊಳ್ಳೋಣ. ಅವುಗಳನ್ನು ಆರಿಸದೆ 300 ಕೋಶಗಳಂತೆ ಅಟ್ಟಿ ಕಟ್ಟಿದರೆ, ನೂರು ಅಟ್ಟಿಗಳಲ್ಲಿ ಪೂರ್ಣ ನಿರ್ದೋಷವಾದುವು ಸರಾಸರಿ ಐದು ಮಾತ್ರ. ತೊಂಬತ್ತೈದರಲ್ಲಿ ಒಂದಾದರೂ ಕೆಟ್ಟ ಕೋಶ ಕುಳಿತಿರುವುದು. ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತು ಒಳ್ಳೆಯವಾದರೂ ನಾಲ್ಕರಲ್ಲಿ ಒಂದು ಅಟ್ಟಿಗೆ ದೋಷ ತಪ್ಪದು. “ಬಹುಮಟ್ಟಿಗೆ ಸರಿ” ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ. ಹತ್ತು ಮಂದಿ ಮೇಧಾವಿಗಳು ಪ್ರಯೋಗಶಾಲೆಯಲ್ಲಿ ಒಂದು ಉತ್ತಮ ಕೋಶವನ್ನು ಮಾಡುವುದು ಒಂದು ಸಾಧನೆ; ಸಾಮಾನ್ಯ ಕೆಲಸಗಾರರು ದಿನದಿನವೂ ಸಾವಿರ ಕೋಶಗಳನ್ನು ಒಂದೇ ಹದದಲ್ಲಿ ಮಾಡುವುದು ಬೇರೊಂದು ಸಾಧನೆ. ಮೊದಲನೆಯದು ನಮಗೆ ಬಂದಿದೆ. ಎರಡನೆಯದನ್ನು ಇನ್ನೂ ಸಂಪಾದಿಸಿಕೊಳ್ಳಬೇಕಾಗಿದೆ.

ನಮ್ಮವರು ಮಾಡಿರುವುದನ್ನು ಮರೆತು ಬರಿಯ ನಿಂದೆಯನ್ನು ಹೇಳುವುದು ನಮ್ಮ ಉದ್ದೇಶವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ. ಕೆ. ಶುಕ್ಲ ಅವರೂ ಅವರ ಶಿಷ್ಯವರ್ಗದವರೂ ಇಂಧನಕೋಶಗಳ ಸಂಶೋಧನೆಯನ್ನು ಹಲವು ವರ್ಷಗಳ ಕಾಲ ನಡೆಸಿದರು. ಮುಂದೆ ಶುಕ್ಲರು ಕಾರೈಕುಡಿಯ ಕೇಂದ್ರ ವಿದ್ಯುದ್ರಾಸಾಯನಿಕ ಸಂಶೋಧನಾಲಯದ ನಿರ್ದೇಶಕರೂ ಆದರು. ಆ ಸಂಶೋಧನಾಲಯವೂ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಶಾಲೆಯೂ ಕೆಪಿಐಟಿ ಕಂಪೆನಿಯೊಡನೆ ಕೂಡಿ ಕಟ್ಟಿದ 10 ಕಿಲೋವಾಟಿನ ಅಟ್ಟಿಯನ್ನು 2020ರ ಅಕ್ಟೋಬರಿನಲ್ಲಿ ಮೋಟಾರುಕಾರಿನಲ್ಲಿಟ್ಟು ಪರೀಕ್ಷಿಸಿದರು. ರಕ್ಷಣಾ ಸಂಶೋಧನಾ ಇಲಾಖೆಗೆ ಸೇರಿದ ಅಂಬರನಾಥದ ನೌಕಾ ಸಾಮಗ್ರಿ ಸಂಶೋಧನಾಲಯದವರು ಜಲಾಂತರ್ಗಾಮಿ ನೌಕೆಗಳಿಗೆಂದು ಫಾಸ್ಫರಿಕ್ ಆಮ್ಲದ ಜಾತಿಯ ಇಂಧನಕೋಶ ವ್ಯವಸ್ಥೆಯನ್ನು ರೂಪಿಸಿ, 2021ರ ಮಾರ್ಚಿಯಲ್ಲಿ ನೆಲದ ಮೇಲಿನ ಮಾದರಿಯ ಪರೀಕ್ಷೆಯನ್ನು ಮುಗಿಸಿದರು. 2024ರ ಜನವರಿಯಲ್ಲಿ ಇಸ್ರೋ ಸಂಸ್ಥೆಯು ಪಿ.ಎಸ್.ಎಲ್.ವಿ. ರಾಕೆಟ್ಟಿನ ಕೊನೆಯ ಹಂತದ ಮೇಲೆ ಸಣ್ಣ ಇಂಧನಕೋಶ ವ್ಯವಸ್ಥೆಯೊಂದನ್ನು ಕಳುಹಿಸಿ, ಅಂತರಿಕ್ಷದಲ್ಲಿಯೇ 180 ವಾಟು ವಿದ್ಯುತ್ತನ್ನು ಪಡೆಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಕೊಚ್ಚಿಯ ಹಡಗುಕಟ್ಟೆಯಲ್ಲಿ ನಿರ್ಮಿತವಾದ, ಇಂಧನಕೋಶದಿಂದ ನಡೆಯುವ ದೋಣಿಯು ನೀರಿಗಿಳಿಯಿತು. ಇವೆಲ್ಲವೂ ಅಭಿಮಾನಪಡತಕ್ಕ ಕಾರ್ಯಗಳು.

ಆದರೆ ಅಭಿಮಾನವು ಲೆಕ್ಕವನ್ನು ಮರೆಸಬಾರದು. ಅಟ್ಟಿಯನ್ನು ಬಿಚ್ಚಿ ಪದರ ಪದರವಾಗಿ ಮೇಜಿನ ಮೇಲಿಟ್ಟು ನೋಡೋಣ. ಪೊರೆಗಳಲ್ಲಿ ಪ್ರಸಿದ್ಧವಾದ ನಾಫಿಯಾನ್ ಎಂಬುದು 1960ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯಲ್ಲಿ ಹುಟ್ಟಿದ್ದು. ಇಂಗಾಲದ ಕಾಗದದ ತಯಾರಿಕೆಯಲ್ಲಿ ಜಪಾನು ಮತ್ತು ಜರ್ಮನಿಯ ಕಂಪೆನಿಗಳು ಹೆಸರಾದವು. ಪ್ಲಾಟಿನಮ್ಮಿನ ದೊಡ್ಡ ಗಣಿಗಳಿರುವುದು ದಕ್ಷಿಣ ಆಫ್ರಿಕದಲ್ಲಿ. ನಮ್ಮ ಕೈಗೆ ಸುಲಭವಾಗಿ ಬರುವುದು ತುದಿಯ ಹಲಗೆ, ಬೋಲ್ಟು, ಕೊಳವೆ, ಪೆಟ್ಟಿಗೆ ಮತ್ತು ಪೆಟ್ಟಿಗೆಯ ಮೇಲಿನ ಹೆಸರು! ಹೊರಗಿನಿಂದ ಬಂದ ಪದರಗಳನ್ನು ಇಲ್ಲಿ ಒತ್ತಿ ಬಿಗಿದು ಸ್ವದೇಶಿಯೆಂದು ಮುದ್ರೆಯೊತ್ತುವುದು ಪರದೇಶದ ನೂಲಿನಿಂದ ನೇಯ್ದ ಬಟ್ಟೆಗೆ ಖಾದಿಯ ಚೀಟಿ ಹಚ್ಚಿದಂತಾದೀತು.

ಇತ್ತ ಹೊರಗಿನವರು ನಿಂತಲ್ಲಿ ನಿಂತಿಲ್ಲವೆಂಬುದನ್ನೂ ನೋಡಬೇಕು. ಜಪಾನಿನ ಟೊಯೊಟಾ ಕಂಪೆನಿಯು 2014ರಲ್ಲಿ ಮಾರಾಟಕ್ಕಿಟ್ಟ ಮಿರಾಯ್ ಎಂಬ ಕಾರಿನ ಅಟ್ಟಿಯಲ್ಲಿ 370 ಕೋಶಗಳಿದ್ದು, 114 ಕಿಲೋವಾಟು ಶಕ್ತಿ ದೊರೆಯುತ್ತಿತ್ತು. 2020ರ ಹೊಸ ಮಾದರಿಯಲ್ಲಿ ಕೋಶಗಳು 330ಕ್ಕೆ ಇಳಿದುವು. ಶಕ್ತಿಯು 128 ಕಿಲೋವಾಟಿಗೆ ಏರಿತು. ಆರು ವರ್ಷಗಳ ಅವಧಿಯಲ್ಲಿ ಒಂದೊಂದು ಕೋಶದ ದುಡಿಮೆಯು ಕಾಲುಭಾಗದಷ್ಟು ಹೆಚ್ಚಿತೆಂದಾಯಿತು. ನಮ್ಮ ಬಿಡದಿಯಲ್ಲಿ ಕಾರ್ಖಾನೆಯುಳ್ಳ ಟೊಯೊಟಾ ಕಿರ್ಲೋಸ್ಕರ್ ಕಂಪೆನಿಯವರು 2022ರ ಮಾರ್ಚಿಯಲ್ಲಿ ದಿಲ್ಲಿಯಲ್ಲಿ ಪ್ರಯೋಗಾರ್ಥವಾಗಿ ರಸ್ತೆಗಿಳಿಸಿದ ಮಿರಾಯ್ ಕಾರು ಜಪಾನಿನಿಂದ ಬಂದದ್ದು. ಇದರಲ್ಲಿ ಕಂಪೆನಿಯ ದೋಷವೇನೂ ಇಲ್ಲ. ಕೋಶವನ್ನು ಅಲ್ಲಿ ಮಾಡಬಲ್ಲರು, ಆದುದರಿಂದ ಅಲ್ಲಿ ಮಾಡಿದರು.

ಇನ್ನು ಹಣದ ಹಂಚಿಕೆಯನ್ನು ನೋಡಿದರೆ, ಮೇಲೆ ಹೇಳಿದ 19,744 ಕೋಟಿಯಲ್ಲಿ 17,490 ಕೋಟಿಯನ್ನು ಜಲಜನಕದ ಉತ್ಪಾದನೆಗೂ ನೀರನ್ನು ವಿಭಜಿಸುವ ಯಂತ್ರಗಳ ತಯಾರಿಕೆಗೂ ಪ್ರೋತ್ಸಾಹಧನವಾಗಿ ಇಡಲಾಯಿತು; 1,466 ಕೋಟಿಯನ್ನು ಮಾದರಿ ಪ್ರಯೋಗಗಳಿಗೆ ಇಡಲಾಯಿತು. ಸಂಶೋಧನೆಗೆ ಬಂದದ್ದು 400 ಕೋಟಿ, ಅಂದರೆ ನೂರಕ್ಕೆ ಸುಮಾರು ಎರಡು ರೂಪಾಯಿ. ನೀರನ್ನು ವಿಭಜಿಸುವ ಯಂತ್ರವೂ ಪೊರೆ, ಲೇಪ, ಫಲಕಗಳ ಅಟ್ಟಿಯೇ ಎಂಬುದನ್ನು ಗಮನಿಸಿದರೆ, ಈ ಪದರಗಳ ವಿದ್ಯೆಯನ್ನು ಪಡೆಯದೆ ಯೋಜನೆಯ ಎರಡು ತುದಿಗಳೂ ಪರಾಧೀನವಾಗುವುವು. ಉತ್ಪಾದನೆಗೆ ಕೊಟ್ಟ ಪ್ರೋತ್ಸಾಹಧನದ ಒಂದು ಭಾಗವು ಪೊರೆಯ ಬೆಲೆಯಾಗಿ ಸಮುದ್ರವನ್ನು ದಾಟಿಹೋಗುವುದು.

ಇಲ್ಲಿ ಎದುರುವಾದಿಗಳ ಮಾತನ್ನೂ ಕೇಳಬೇಕು. ಜಲಜನಕದ ಮಾರ್ಗವೇ ನಷ್ಟದ ಮಾರ್ಗವೆಂದು ಕೆಲವರು ಹೇಳುವರು. ಅವರ ಲೆಕ್ಕವು ಸುಳ್ಳಲ್ಲ. ಒಂದು ಕಿಲೋಗ್ರಾಮ್ ಜಲಜನಕವನ್ನು ನೀರಿನಿಂದ ಬೇರ್ಪಡಿಸಲು 50ರಿಂದ 55 ಯೂನಿಟ್ಟು ವಿದ್ಯುತ್ತು ಬೇಕು, ಅದನ್ನು 0.65 ವೋಲ್ಟಿನಲ್ಲಿ ನಡೆಯುವ ಅಟ್ಟಿಗೆ ಕೊಟ್ಟರೆ ಹಿಂದಿರುಗಿ ಬರುವುದು 17 ಯೂನಿಟ್ಟಿಗೆ ಸ್ವಲ್ಪ ಮೇಲೆ. ಅನಿಲವನ್ನು ಒತ್ತಿ ತುಂಬುವ ಖರ್ಚು ಬೇರೆ. ಹೀಗೆ ಮೂರರಲ್ಲಿ ಎರಡು ಪಾಲು ದಾರಿಯಲ್ಲಿಯೇ ಕಳೆದುಹೋಗುವುದು. ಲಿಥಿಯಮ್ ಬ್ಯಾಟರಿಯಲ್ಲಾದರೋ ಕಳೆಯುವುದು ಅಲ್ಪ. ಆದುದರಿಂದ ಪೇಟೆಯೊಳಗೆ ಓಡಾಡುವ ಕಾರಿಗೂ ಸ್ಕೂಟರಿಗೂ ಬ್ಯಾಟರಿಯೇ ಯೋಗ್ಯವೆಂದು ನಾವೂ ಒಪ್ಪುತ್ತೇವೆ. ಆದರೆ ವಾರಗಟ್ಟಲೆ ನೀರಿನಡಿಯಲ್ಲಿ ಮೌನವಾಗಿರಬೇಕಾದ ಜಲಾಂತರ್ಗಾಮಿ, ದೂರ ಸಾಗುವ ಹಡಗು, ತಂತಿಯೆಳೆಯಲಾಗದ ಗಡಿಯ ಠಾಣ್ಯ, ಕಾಸ್ಟಿಕ್ ಸೋಡ ಮಾಡುವಾಗ ತಾನಾಗಿ ಹೊರಡುವ ಜಲಜನಕವುಳ್ಳ ಕಾರ್ಖಾನೆ, ಇಂತಹ ಕಡೆಗಳಲ್ಲಿ ಇಂಧನಕೋಶಕ್ಕೆ ತನ್ನದೇ ಆದ ಸ್ಥಾನವುಂಟು. ಕ್ಷೇತ್ರವು ಚಿಕ್ಕದೆಂಬ ಕಾರಣದಿಂದ ಅದನ್ನು ಪರರಿಗೆ ಬಿಡಲಾಗದು; ಅದರಲ್ಲಿ ದೇಶದ ರಕ್ಷಣೆಯೂ ಅಡಕವಾಗಿದೆ.

ಪದರಗಳು ಅಗ್ಗವಾಗಿ ಸಿಕ್ಕುವ ಕಡೆಯಿಂದ ತರಿಸಿಕೊಂಡರೆ ತಪ್ಪೇನು ಎಂದು ಮತ್ತೆ ಕೆಲವರು ಕೇಳಬಹುದು. ಪ್ರಾರಂಭದಲ್ಲಿ ತರಿಸಿಕೊಳ್ಳುವುದು ತಪ್ಪಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದಾಗ ಯಂತ್ರಗಳು ಅಮೆರಿಕದಿಂದಲೂ ಸ್ವಿಜರ್ಲೆಂಡಿನಿಂದಲೂ ಬಂದುವು. ಅದಕ್ಕಾಗಿ ಮೈಸೂರು ಸಂಸ್ಥಾನವು ನಾಚಲಿಲ್ಲ. ಆದರೆ ಅಷ್ಟಕ್ಕೇ ತೃಪ್ತಿಪಟ್ಟು ಕೂರಲೂ ಇಲ್ಲ. 1930ರ ದಶಕದಲ್ಲಿ ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆಯು ಟ್ರಾನ್ಸ್‌ಫಾರ್ಮರುಗಳನ್ನು ತಯಾರಿಸತೊಡಗಿತು. ಕೊಳ್ಳುವುದರಿಂದ ಮಾಡುವುದಕ್ಕೆ ಏರಲು ನಮ್ಮ ಹಿರಿಯರಿಗೆ ಒಂದು ತಲೆಮಾರು ಬೇಕಾಯಿತು. ಅಷ್ಟು ಕಾಲವನ್ನು ಇಂದು ಯಾರೂ ನಮಗೆ ಕೊಡುವುದಿಲ್ಲ. ಭಾರಿ ಲಾರಿಗಳ ಅಟ್ಟಿಯು 25,000 ಗಂಟೆ ಬಾಳಬೇಕೆಂಬ ಗುರಿಯನ್ನು ಅಮೆರಿಕದ ಶಕ್ತಿ ಇಲಾಖೆಯು ಹಾಕಿಕೊಂಡಿದೆ. ಅಷ್ಟು ಕಾಲ ದುಡಿಯುವ ಯಂತ್ರದಲ್ಲಿ ಪೊರೆಯೊಂದು ತೂತಾದ ದಿನ, ಅದನ್ನು ಕೊಟ್ಟ ದೇಶವು ಸ್ನೇಹದಿಂದಿರುವುದೋ ಇಲ್ಲವೋ ಎಂದು ನಮ್ಮ ನೌಕಾಪಡೆಯು ಕಾದು ಕುಳಿತಿರಬೇಕೆ?

ಇದಕ್ಕೆ ಪರಿಹಾರವು ಭಾಷಣದಿಂದ ದೊರೆಯುವಂತಹುದಲ್ಲ. ಕ್ರಮವಾದ ವ್ಯವಸ್ಥೆಯಿಂದ ದೊರೆಯತಕ್ಕದ್ದು. ಸರಕಾರಿ ಹಣದಿಂದ ಕೊಳ್ಳುವ ಪ್ರತಿಯೊಂದು ಅಟ್ಟಿಗೂ ಪೊರೆ, ಲೇಪ, ಕಾಗದ, ಫಲಕ, ವಾಷರು ಎಲ್ಲೆಲ್ಲಿ ತಯಾರಾದುವೆಂಬ ಪಟ್ಟಿಯನ್ನು ಟೆಂಡರಿನಲ್ಲಿಯೇ ಕಡ್ಡಾಯ ಮಾಡಬೇಕು. ಸ್ವದೇಶಿಯ ಪಾಲನ್ನು ಪೆಟ್ಟಿಗೆಯ ತೂಕದಿಂದಲ್ಲ, ಪದರಗಳ ಬೆಲೆಯಿಂದ ಎಣಿಸಬೇಕು. ಇಂದು ಪೂರ್ತಿ ನಮ್ಮದಾಗಿರಬೇಕೆಂದು ಹಟ ಹಿಡಿಯುವುದು ಅವಿವೇಕ. ಆದರೆ ವರ್ಷದಿಂದ ವರ್ಷಕ್ಕೆ ಪಾಲು ಏರುತ್ತಿದೆಯೇ ಎಂಬುದು ಜನರಿಗೆ ಕಾಣಬೇಕು. ಫಲಕಗಳಿಂದ ಪ್ರಾರಂಭಿಸುವುದು ಸುಲಭ. ಮಿಲಿಮೀಟರಿನ ನೂರನೆಯ ಪಾಲನ್ನು ಅಳೆಯಬಲ್ಲ ಕೈಗಳು ಪೀಣ್ಯದಲ್ಲಿಯೂ ಬೆಳಗಾವಿಯ ಎರಕದ ಕಾರ್ಖಾನೆಗಳಲ್ಲಿಯೂ ಇವೆ. ಅವುಗಳಿಗೆ ಬೇಕಾಗಿರುವುದು ನಂಬಬಹುದಾದ ಬೇಡಿಕೆ.

ಎರಡನೆಯದಾಗಿ, ಯಾವ ಕಂಪೆನಿಗೂ ಸೇರದ ಒಂದು ಪರೀಕ್ಷಾಶಾಲೆಯಲ್ಲಿ ದೇಶದ ಅಟ್ಟಿಗಳನ್ನೆಲ್ಲ ಸಾವಿರಾರು ಗಂಟೆ ಓಡಿಸಿ, ಎಷ್ಟು ಗಂಟೆಗೆ ಎಷ್ಟು ಶಕ್ತಿ ಕುಗ್ಗಿತೆಂಬುದನ್ನು ಪ್ರಕಟಿಸಬೇಕು. ಉದ್ಘಾಟನೆಯ ದಿನದ ಛಾಯಾಚಿತ್ರಕ್ಕಿಂತ ಐದು ಸಾವಿರದ ಗಂಟೆಯ ಅಂಕಿಯು ಹೆಚ್ಚು ಸತ್ಯವನ್ನು ಹೇಳುವುದು. ಮೂರನೆಯದಾಗಿ, ಕೈಗಾರಿಕಾ ತರಬೇತಿ ಶಾಲೆಗಳಲ್ಲಿಯೂ ಪಾಲಿಟೆಕ್ನಿಕ್ಕುಗಳಲ್ಲಿಯೂ ಅಟ್ಟಿಯ ಜೋಡಣೆಯನ್ನು ಒಂದು ಕಸುಬಾಗಿ ಕಲಿಸಬೇಕು. ಧೂಳಿಲ್ಲದ ಕೋಣೆಯಲ್ಲಿ ಕೆಲಸ ಮಾಡುವ ಶಿಸ್ತು, ಬಿಗಿಯನ್ನು ಅಳೆದು ತಿರುಪುವ ರೀತಿ, ಸೋರುವಿಕೆಯನ್ನು ಹುಡುಕುವ ಕ್ರಮ, ಜಲಜನಕದ ಬಳಿ ಕಿಡಿಯಿಂದ ದೂರವಿರುವ ಎಚ್ಚರ, ಇವುಗಳನ್ನು ಕನ್ನಡದಲ್ಲಿಯೇ ಬರೆದ ಕೈಪಿಡಿಗಳಿಂದ ಕಲಿಸಬಹುದು, ಕಲಿಸಲೂಬೇಕು. ಇಂಗ್ಲಿಷಿನಲ್ಲಿ ಅರ್ಧ ಅರ್ಥವಾದ ಸೂಚನೆಯಿಂದ ಕಟ್ಟಿದ ಕೋಶವು ಮುನ್ನೂರರಲ್ಲಿ ಒಂದಾಗಿ ಕುಳಿತರೆ ಫಲವೇನೆಂಬುದನ್ನು ಮೇಲೆಯೇ ಕಂಡೆವು.

ಕೊನೆಯದಾಗಿ ಒಂದು ಮಾತು. ಮುಕ್ಕಾಲು ವೋಲ್ಟಿಗೂ ಕಡಮೆಯ ಬಡ ಕೋಶಗಳು ಕೂಡಿ ನಿಂತಾಗ ಹಡಗನ್ನು ನಡೆಸುವುವೆಂಬುದನ್ನು ಒಗ್ಗಟ್ಟಿನ ದೃಷ್ಟಾಂತವೆಂದು ಹೊಗಳುವುದು ಸುಲಭ. ಹಂಚಿಹೋಗಿದ್ದ ನಾಡನ್ನು ಕೂಡಿಸಲು ದುಡಿದವರ ವಂಶಸ್ಥರಾದ ನಮಗೆ ಆ ಮಾತು ರುಚಿಸುವುದೂ ಹೌದು. ಆದರೆ ಅಟ್ಟಿಯು ಹೇಳುವ ಪಾಠವು ಅಷ್ಟಕ್ಕೇ ಮುಗಿಯುವುದಿಲ್ಲ. ಕೂಡಿ ನಿಂತರೆ ಸಾಲದು. ಕೊನೆಯ ಕೋಶಕ್ಕೂ ಅನಿಲವು ಸಮನಾಗಿ ತಲುಪಬೇಕು, ಇಲ್ಲವಾದರೆ ಹಸಿದ ಒಂದು ಕೋಶವು ಎಲ್ಲವನ್ನೂ ನಿಲ್ಲಿಸಿಬಿಡುವುದು. ದೊಡ್ಡ ಪ್ರಯೋಗಶಾಲೆಗಳಿಗೂ ದೊಡ್ಡ ಕಂಪೆನಿಗಳಿಗೂ ಹಣವನ್ನು ಹರಿಸಿ, ಪೊರೆಯನ್ನೂ ಫಲಕವನ್ನೂ ಮಾಡಬೇಕಾದ ಸಣ್ಣ ಕಾರ್ಖಾನೆಯನ್ನೂ ಅವುಗಳನ್ನು ಜೋಡಿಸುವ ಕೆಲಸಗಾರನನ್ನೂ ಉಪವಾಸವಿಟ್ಟರೆ, ರಾಷ್ಟ್ರದ ಈ ಯೋಜನೆಗೂ ಅದೇ ಗತಿಯಾದೀತು. ಸರಕಾರದವರು ಈ ಲೆಕ್ಕವನ್ನು ಮುಂದಿನ ಆಯವ್ಯಯಕ್ಕೆ ಮೊದಲೇ ಮಾಡಿಕೊಳ್ಳುವರೆಂದೂ, ನಾಡಿನ ಪ್ರತಿನಿಧಿಗಳು ಅದನ್ನು ಕೇಳಿ ಪಡೆಯುವರೆಂದೂ ನಾವು ಆಶಿಸುತ್ತೇವೆ.